ಕೆಚ್ಚಲಿಗೆ ಟ್ಯೂಬ್ ಹಾಕುವ ಮುನ್ನ

ಇಂದು ಪದವಿ ಪಡೆಯುತ್ತಿರುವ ಪಶುವೈದ್ಯ ಮಿತ್ರರೇ,

ನಿಮ್ಮಲ್ಲಿ ಕೆಲವರಿಗೆ ತರೀಕೆರೆ, ಕಡೂರು, ಅಜ್ಜಂಪುರದ ಕಡೆ ಕೆಲಸ ಸಿಗಬಹುದು. ಅಜ್ಜಂಪುರವೆಂದರೆ ಅಮೃತಮಹಲ್, ಓಟಕ್ಕೆ ಹೆಸರಾದ ತಳಿ, ಹಾಲು ಕಮ್ಮಿ. ಆದರೆ ನಿಮ್ಮನ್ನು ಕರೆಯಲು ಬರುವವರ ಕೊಟ್ಟಿಗೆಯಲ್ಲಿರುವುದು ಹೆಚ್ಚಾಗಿ ಮಿಶ್ರತಳಿ ಹಸು. ಕೆಚ್ಚಲಿನ ಒಂದು ಭಾಗ ಬಿಸಿಯಾಗಿ ಗಟ್ಟಿಯಾಗಿರುತ್ತದೆ, ಕೈಯಿಟ್ಟರೆ ಹಸು ಒದೆಯುತ್ತದೆ, ಕರೆದರೆ ಹಾಲಿನಲ್ಲಿ ಹಿಂಜುಹಿಂಜು ಬರುತ್ತದೆ. "ಕೆಚ್ಚಲು ಬಾವು ಡಾಕ್ಟ್ರೇ, ಒಂದು ಟ್ಯೂಬ್ ಹಾಕ್ಬಿಡಿ" ಅನ್ನುತ್ತಾರೆ. ನಾವೂ ಆ ಆಂಟಿಬಯಾಟಿಕ್ ಟ್ಯೂಬನ್ನು ಹಾಕುತ್ತಲೇ ಬಂದಿದ್ದೇವೆ. ಯಾವ ರೋಗಾಣು ಎಂದು ಕೇಳುವ ಅಭ್ಯಾಸವೇ ತಪ್ಪಿಹೋಗಿದೆ.

ಈಗ ಟ್ಯೂಬಿನ ಬದಲಿಗೆ ಎಲ್ಲರ ಬಾಯಲ್ಲೂ ಬ್ಯಾಕ್ಟೀರಿಯೊಫೇಜ್, ಚಿಕ್ಕದಾಗಿ ಫೇಜ್. ಬ್ಯಾಕ್ಟೀರಿಯದೊಳಗೆ ಹೊಕ್ಕು, ಅಲ್ಲೇ ತನ್ನ ಸಂತತಿ ಬೆಳೆಸಿ, ಅದನ್ನು ಒಡೆದು ಹೊರಬರುವ ವೈರಸ್ ಇದು. 1896ರಲ್ಲಿ ಹ್ಯಾಂಕಿನ್ ಎಂಬಾತ ಗಂಗಾ, ಯಮುನೆಯರ ನೀರು ಕಾಲರಾದ ಬ್ಯಾಕ್ಟೀರಿಯವನ್ನು ಕೊಲ್ಲುವುದನ್ನು ಕಂಡ. ಅದು ಫೇಜ್ ಇರಬಹುದೆಂದು ಆಮೇಲಿನವರು ಊಹಿಸಿದರು. ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟವನು ಡಿ'ಹೆರೆಲ್ ಎಂಬಾತ, 1917ರಲ್ಲಿ. ಹಾಗೆಂದು ಹೆಬ್ಬೆ ಜಲಪಾತದ ನೀರನ್ನು ಬಾಟಲಿಗೆ ತುಂಬಿಕೊಂಡು ಬರಬೇಡಿ. ರೋಗಾಣು ಇದ್ದಲ್ಲೇ ಫೇಜ್ ಸಿಗುವುದು. ಕೆಚ್ಚಲು ಬಾವಿಗೆ ಫೇಜ್ ಹುಡುಕುವವರು ಕೊಟ್ಟಿಗೆಯ ಗಂಜಲದ ಕಾಲುವೆಗೆ, ತಿಪ್ಪೆಯ ಬುಡಕ್ಕೆ ಕೈಹಾಕಬೇಕು.

ಫೇಜ್ ಮೇಲಿನ ಆಸೆಗೆ ಕಾರಣವಿದೆ. ಆಂಟಿಬಯಾಟಿಕ್ ಉಳಿದ ಹಾಲಿಗೆ ಹೆಪ್ಪು ಹಾಕಿದರೆ ಸರಿಯಾಗಿ ಮೊಸರಾಗುವುದಿಲ್ಲ. ಸ್ಟೆಫೈಲೊಕಾಕಸ್‌ನ ಫೇಜಾದರೋ ಮೊಸರಿನ ಬ್ಯಾಕ್ಟೀರಿಯದ ತಂಟೆಗೆ ಹೋಗುವುದಿಲ್ಲ. (ಡೇರಿ ತಂತ್ರಜ್ಞಾನ ಓದಿದ ಗೆಳೆಯರು ನಗಬಹುದು. ಅವರಿಗೆ ಫೇಜ್ ಎಂದರೆ ಹೆಪ್ಪು ಕೆಡಿಸುವ ಹಳೆಯ ಶತ್ರು. ಅದು ಬೇರೆ ಜಾತಿಯದು.)

ಆದರೆ ಕೆನಡಾದಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಪ್ರಯೋಗವನ್ನು ಓದಿ. ಹೊರಗೆ ಬಾವು ಕಾಣದ, ಒಳಗೆ ಸ್ಟೆಫೈಲೊಕಾಕಸ್ ಆರಿಯಸ್ ಸೋಂಕಿದ್ದ ಹಸುಗಳ ಕೆಚ್ಚಲಿಗೆ ಐದು ದಿನ ಫೇಜ್ ಬಿಟ್ಟರು. 18 ಭಾಗಗಳಲ್ಲಿ ಗುಣವಾದದ್ದು ಮೂರು. ಬರೀ ಲವಣದ್ರಾವಣ ಬಿಟ್ಟ 20ರಲ್ಲಿ ಒಂದೂ ಇಲ್ಲ. ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಗಾಜಿನ ನಳಿಕೆಯಲ್ಲಿ ಗೆದ್ದದ್ದು ಕೆಚ್ಚಲಿನಲ್ಲಿ ಸೋತದ್ದೇಕೆ? ಹಾಲೇ ಅಡ್ಡಬಂತು. ಹಸಿ ಹಾಲಿನ ತಿಳಿಯಲ್ಲಿರುವ ಪ್ರೋಟೀನುಗಳು ಬ್ಯಾಕ್ಟೀರಿಯದ ಮೈಗೆ ಅಂಟಿಕೊಂಡು, ಫೇಜ್ ಹಿಡಿಯುವ ಜಾಗವನ್ನೇ ಮುಚ್ಚುತ್ತವೆ. ಕಾಯಿಸಿದ ಹಾಲಿನಲ್ಲಿ ಅದೇ ಫೇಜ್ ಚೆನ್ನಾಗಿ ಕೆಲಸ ಮಾಡುತ್ತದೆ. ಹಸುವಿನ ಕೆಚ್ಚಲನ್ನು ಕಾಯಿಸಲಾಗದಲ್ಲ!

ನನಗೆ ಫೇಜ್ ಹಿಡಿಸುವುದು ಅದರ ಹಟಕ್ಕೆ. ಅದು ಸಿಕ್ಕಸಿಕ್ಕ ರೋಗಾಣುವಿಗೆ ಕೈಹಾಕದು. ಒಳಗಿರುವುದು ಸ್ಟೆಫೈಲೊಕಾಕಸ್ಸೋ, ಸ್ಟ್ರೆಪ್ಟೊಕಾಕಸ್ಸೋ, ಇ ಕೊಲೈಯೋ ಎಂದು ಮೊದಲು ಹೇಳಿ ಎನ್ನುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಫೇಜ್ ಔಷಧಿಯಾಗಿ ಬರುವವರೆಗೆ ಕಾಯಬೇಕಿಲ್ಲ. ತೊಟ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮೊದಲ ಧಾರೆಗಳನ್ನು ಬೇರೆ ಬಟ್ಟಲಿಗೆ ಕರೆದುಹಾಕಿ, ಸ್ಟೆರೈಲ್ ಸೀಸೆಯನ್ನು ಓರೆ ಹಿಡಿದು ತುಸು ಹಾಲು ಹಿಡಿಯಿರಿ. ಐಸಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಿ. ಟ್ಯೂಬ್ ಆಮೇಲೆ. ಹಸು ಜ್ವರದಿಂದ ನರಳುತ್ತಿದ್ದರೆ ವರದಿಗೆ ಕಾಯದೆ ಚಿಕಿತ್ಸೆ ಶುರುಮಾಡಿ, ಆದರೆ ಸೀಸೆ ತುಂಬಿದ ಮೇಲೆ.

ನೀವು ಕೈತೊಳೆಯುವಾಗ ಮನೆಯಾಕೆ ಕೇಳಿಯೇ ಕೇಳುತ್ತಾರೆ: "ಡಾಕ್ಟ್ರೇ, ಇವತ್ತಿನ ಹಾಲು ಡೇರಿಗೆ ಹಾಕ್ಬೋದಾ?" ಬೇಡ ಎನ್ನಿ. ಎಷ್ಟು ದಿನ ಬೇಡ ಎಂಬುದನ್ನು ಟ್ಯೂಬಿನ ಪೊಟ್ಟಣ ನೋಡಿ, ದಿನ ಎಣಿಸಿ ಹೇಳಿ.