ಜೂನ್‌ನಲ್ಲಿ ಕೊಟ್ಟ ನಂಬರ್, ಸೆಪ್ಟೆಂಬರ್‌ನಲ್ಲಿ ಸಮುದ್ರದಲ್ಲಿ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಇಯರ್‌ಫೋನ್ ಹಾಕ್ಕೊಂಡು ಉಡುಪಿ–ಮಣಿಪಾಲ ಬಸ್ಸಲ್ಲಿ ನೇತಾಡ್ತಾ ಇರುವವರಿಗೂ, ಕಾರ್ಕಳದ ಬಸ್ಸಲ್ಲಿ ಸೀಟು ಸಿಕ್ಕಿದ ಪುಣ್ಯವಂತರಿಗೂ ಈ ಮಾತು. ನಾನು ಕಾಪುವಿನ ಕಡಲ ಬದಿಯ ಒಂದು ಸರಕಾರಿ ಶಾಲೆಯಲ್ಲಿ ಟೀಚರ್. ಇವತ್ತು ಒಂದು ಮೊಬೈಲ್ ನಂಬರಿನ ಕಥೆ ಹೇಳ್ತೇನೆ.

ಎರಡು ವರ್ಷದ ಹಿಂದೆ, ಸೆಪ್ಟೆಂಬರ್‌ನಲ್ಲಿ ನನ್ನ ಏಳನೇ ಕ್ಲಾಸಿನ ಒಬ್ಬಳು ಹುಡುಗಿ ಸತತ ಎಂಟು ದಿನ ಬರಲಿಲ್ಲ. ದಿನಾ ಗೈರುಹಾಜರಿ ಹಾಕಿದೆ. ದಾಖಲೆಯಲ್ಲಿದ್ದ ನಂಬರಿಗೆ ಮೂರು ಸಲ ವಾಟ್ಸ್ಆ್ಯಪ್ ಮಾಡಿದೆ. ಒಂದೇ ಟಿಕ್. ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ನಾನು ಎಂತ ಮಾಡಿದೆ ಗೊತ್ತುಂಟಾ? ‘ಪೋಷಕರಿಗೆ ತಿಳಿಸಲಾಗಿದೆ’ ಅಂತ ಪುಸ್ತಕದಲ್ಲಿ ಬರೆದು ಸುಮ್ಮನಾದೆ.

ಒಂಬತ್ತನೇ ದಿನ ಮನಸ್ಸು ತಡೆಯದೆ ಮನೆಗೆ ಹೋದೆ. ಅಂಗಳದಲ್ಲಿ ಹುಡುಗಿ ಪಾತ್ರೆ ತೊಳೀತಾ ಇದ್ದಳು. ಅಮ್ಮನ ಕಾಲಿಗೆ ಪ್ಲಾಸ್ಟರ್. ಬಾವಿಕಟ್ಟೆಯಲ್ಲಿ ಜಾರಿ ಬಿದ್ದದ್ದಂತೆ. ಅಡುಗೆ, ತಮ್ಮನ ಸ್ನಾನ, ಅಂಗಡಿ, ಎಲ್ಲ ಹನ್ನೆರಡು ವರ್ಷದ ಇವಳದ್ದೇ.

‘ಅವರು ಬೋಟಲ್ಲಿ ಅಲ್ವಾ ಟೀಚರ್, ಫೋನು ಅವರ ಹತ್ರವೇ ಇರುದು’ ಅಂದರು ಅಮ್ಮ. ಆಮೇಲೆ ಮೆಲ್ಲ ಹೇಳಿದರು, ‘ನಿಮಗೆ ಗೊತ್ತಿದ್ದೂ ಕೇಳ್ಲಿಲ್ಲ ಅಂತ ನಾನು ತಿಳ್ಕೊಂಡದ್ದು.’

ಈ ಮಾತು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಯೋಚನೆ ಮಾಡಿದಾಗ ವಿಷಯ ಅರ್ಥ ಆಯ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅಪ್ಪಂದಿರು ಮನೆಯಲ್ಲೇ ಇರ್ತಾರೆ. ನಾವು ದಾಖಲಾತಿ ಮಾಡಿ ನಂಬರ್ ತಗೊಳ್ಳುವುದೂ ಅದೇ ಜೂನ್‌ನಲ್ಲಿ. ಆಗ ಫೋನ್ ಮಾಡಿ ನೋಡಿದರೆ ಎಲ್ಲ ನಂಬರೂ ಸರಿ! ಆಗಸ್ಟ್‌ನಲ್ಲಿ ಮಲ್ಪೆಯಿಂದ ಆಳಸಮುದ್ರದ ಬೋಟುಗಳು ಹೊರಟರೆ ಹತ್ತು–ಹನ್ನೆರಡು ದಿನ ದಡಕ್ಕೆ ಬರುವುದಿಲ್ಲ. ದಾಖಲೆಯಲ್ಲಿ ಸುಳ್ಳಿಲ್ಲ. ಆದರೆ ಅದು ಮಳೆಗಾಲದ ಸತ್ಯ ಮಾತ್ರ.

ನಮ್ಮ ರಾಜ್ಯದಲ್ಲಿ ಈ ದಾಖಲೆ ಇರುವುದು ಸ್ಯಾಟ್ಸ್‌ನಲ್ಲಿ, ಅಂದ್ರೆ ಸ್ಟೂಡೆಂಟ್ ಅಚೀವ್‌ಮೆಂಟ್ ಟ್ರ್ಯಾಕಿಂಗ್ ಸಿಸ್ಟಮ್. ಪ್ರತಿ ಮಗುವಿಗೂ ಒಂದು ನಂಬರ್. ದಾಖಲಾತಿ, ಅಂಕ, ಟಿಸಿ ಎಲ್ಲ ಅದರಲ್ಲೇ. ಕೇಂದ್ರದ ಯುಡೈಸ್ ಪ್ಲಸ್ ಬೇರೆ. ನಾವು ಟೀಚರ್‌ಗಳು ಸರ್ವರ್ ಸ್ಲೋ ಅಂತ ಬಯ್ಯುತ್ತಲೇ ಇರ್ತೇವೆ, ಅದೂ ನಿಜ. ಆದ್ರೆ ಪ್ರಯೋಜನ ಇಲ್ಲ ಅಂತ ಹೇಳಲಾರೆ. ಮಣಿಪಾಲದಲ್ಲಿ ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳನ್ನು ನೋಡಿ. ಕೆಲಸ ಮುಗಿದರೆ ಮನೆಮಂದಿ ಎಲ್ಲ ಊರು ಬದಲಿಸ್ತಾರೆ. ಆ ನಂಬರ್ ಇದ್ದರೆ ಮಗು ಯಾವ ಶಾಲೆಗೆ ಸೇರಿತು, ಸೇರಲೇ ಇಲ್ಲವಾ ಅಂತ ಹುಡುಕಲು ಒಂದು ದಾರಿ ಉಂಟು. ಹಾಜರಿ ಪುಸ್ತಕ ಮಾತ್ರ ಇದ್ದ ಕಾಲದಲ್ಲಿ ಹೆಸರಿನ ಮೇಲೆ ಒಂದು ಕೆಂಪು ಗೆರೆ, ಕಥೆ ಮುಗೀತು.

ಕಾರ್ಕಳದ ಕಡೆ ಸಮಸ್ಯೆ ಬೇರೆ. ಅಲ್ಲಿ ತುಂಬ ಅಮ್ಮಂದಿರು ಗೇರುಬೀಜದ ಫ್ಯಾಕ್ಟರಿಯಲ್ಲಿ. ಬೆಳಿಗ್ಗೆ ಹೋದರೆ ಸಂಜೆಯೇ ಮನೆಗೆ. ಹನ್ನೊಂದು ಗಂಟೆಗೆ ಶಾಲೆಯಿಂದ ಫೋನ್ ಬಂದರೆ ಎತ್ತುವುದು ಹೇಗೆ? ಆಮೇಲೆ ನಾವೇ ಹೇಳ್ತೇವೆ, ‘ಪೋಷಕರಿಗೆ ಆಸಕ್ತಿ ಇಲ್ಲ’ ಅಂತ.

ಆ ವರ್ಷದಿಂದ ನಾನು ಮೂರು ಬದಲಾವಣೆ ಮಾಡಿಕೊಂಡೆ. ಒಂದು, ಆಗಸ್ಟ್ ಕೊನೆಗೆ ಎಲ್ಲ ನಂಬರಿಗೂ ಮತ್ತೊಮ್ಮೆ ಫೋನ್. ಎರಡು, ಪ್ರತಿ ಮಗುವಿಗೂ ಎರಡನೇ ನಂಬರ್: ಅಜ್ಜಿಯದ್ದು, ಚಿಕ್ಕಮ್ಮನದ್ದು, ಪಕ್ಕದ ಮನೆಯ ಅಕ್ಕನದ್ದು, ಯಾರದ್ದಾದರೂ ಸರಿ, ಎದ್ದು ಮನೆಗೆ ಹೋಗಿ ಹೇಳುವವರು ಬೇಕು. ಅದಕ್ಕೆ ಮನೆಯವರ ಒಪ್ಪಿಗೆ ಕೇಳ್ತೇನೆ. ಮೂರು, ಮೂರು ದಿನ ಮಗು ಬರದೆ ಮೆಸೇಜ್‌ಗೂ ಉತ್ತರ ಇಲ್ಲದಿದ್ದರೆ ಎಸ್‌ಡಿಎಂಸಿಯ ಒಬ್ಬರು ಅಥವಾ ನಾನು ಮನೆಗೆ ಹೋಗುವುದು. ಶಾಲಾಭಿವೃದ್ಧಿ ಸಮಿತಿಗಳು 2001ರಿಂದಲೂ ಇವೆ. ಪೇಂಟಿಂಗ್‌ಗೆ, ವಾರ್ಷಿಕೋತ್ಸವಕ್ಕೆ ಮಾತ್ರ ಅವರನ್ನು ಕರೆಯುವುದು ಸಾಕು.

ಒಂದು ಎಚ್ಚರಿಕೆಯೂ ಬೇಕು. ಮಗುವಿನ ಮಾಹಿತಿ ಮಗುವಿನ ಮರ್ಯಾದೆ. ಯಾರು ಎಷ್ಟು ದಿನ ಬರಲಿಲ್ಲ, ಯಾರಿಗೆ ಎಷ್ಟು ಮಾರ್ಕ್ ಅಂತ ಇಡೀ ಕ್ಲಾಸಿನ ಗ್ರೂಪಿಗೆ ಹಾಕಬಾರದು. ಈಗ 12 ಅಂಕಿಯ ‘ಅಪಾರ್’ ಐಡಿ ಬಂದಿದೆ, ಅದಕ್ಕೂ ಪೋಷಕರ ಒಪ್ಪಿಗೆ ಪತ್ರ ಬೇಕು. ‘ಇಲ್ಲಿ ಸೈನ್ ಮಾಡಿ’ ಅಂತ ಬೆರಳು ತೋರಿಸುವುದಲ್ಲ, ಎಂತಕ್ಕೆ ಅಂತ ಹೇಳಬೇಕು.

ಇನ್ನು ನಿಮ್ಮ ಕೆಲಸ. ಹೌದು, ಕೇಳ್ತಾ ಇರುವ ನಿಮ್ಮದೇ! ಮನೆಯಲ್ಲಿ ಶಾಲೆಗೆ ಹೋಗುವ ತಮ್ಮನೋ ತಂಗಿಯೋ ಇದ್ದರೆ, ಈ ವಾರ ಒಂದು ಸಲ ಶಾಲೆಗೆ ಹೋಗಿ. ದಾಖಲೆಯಲ್ಲಿರುವ ನಂಬರ್ ಯಾರದ್ದು ಅಂತ ಕೇಳಿ. ಹೆಸರಿನ ಸ್ಪೆಲ್ಲಿಂಗ್, ಜನ್ಮದಿನಾಂಕ ಆಧಾರ್ ಜೊತೆ ಹೊಂದ್ತದಾ ನೋಡಿ. ತಪ್ಪಿದ್ದರೆ ಏಳನೆಯಲ್ಲೇ ಸರಿ ಮಾಡಿಸಿ, ಹತ್ತನೆಯ ಪರೀಕ್ಷೆ ಹತ್ತಿರ ಬಂದಾಗ ಓಡಾಡುವುದು ಬೇಡ.

ಆ ಹುಡುಗಿ ಎಂತಾದಳು ಅಂತ ಕೇಳ್ತೀರಿ ಅಲ್ವಾ? ಮರುದಿನವೇ ಪಕ್ಕದ ಮನೆಯ ಅಕ್ಕ ಅಡುಗೆಗೆ ನಿಂತರು, ಎರಡು ದಿನದಲ್ಲಿ ಹುಡುಗಿ ಕ್ಲಾಸಿಗೆ ಬಂದಳು. ಈಗ ಹೈಸ್ಕೂಲ್. ಅವಳ ದಾಖಲೆಯಲ್ಲಿ ಅಪ್ಪನ ನಂಬರ್ ಹಾಗೇ ಉಂಟು. ನನ್ನ ಪುಸ್ತಕದಲ್ಲಿ ಅದರ ಕೆಳಗೆ ಆ ಅಕ್ಕನದ್ದೂ ಉಂಟು. ಮೊದಲ ರಿಂಗಿಗೇ ಎತ್ತುತ್ತಾರೆ.

ಮತ್ತೆ ಸಿಗುವ. ನಮಸ್ಕಾರ.