ಗೆರೆ ಎಳೆದರೆ ಕಡಲು ಉಳಿಯುವುದೇ?



ಪರಿಸರದ ಮಾತಿಗಾಗಿ ಸೇರಿರುವ ಈ ಸಮ್ಮೇಳನದ ಅಧ್ಯಕ್ಷ ಪೀಠವನ್ನು ನನಗೆ ಕೊಟ್ಟಿದ್ದೀರಿ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಇದು ದೊಡ್ಡ ಗೌರವ. ಕಾಡಿನ ವಿಷಯ ಮಾತನಾಡುತ್ತೇನೆಂದು ನೀವು ಕಾದಿರಬಹುದು. ನಾನು ಆರಿಸಿಕೊಂಡದ್ದು ಕಡಲನ್ನು: ಮೀನು ಹಿಡಿಯುವುದನ್ನು ನಿಷೇಧಿಸಿದ ಅಥವಾ ಮಿತಿಗೊಳಪಡಿಸಿದ ಸಾಗರ ಸಂರಕ್ಷಿತ ಪ್ರದೇಶಗಳು, ಅವುಗಳಿಂದ ಆಗುವ ಲಾಭ, ಅವುಗಳಿಂದ ಆಗಿರುವ ನೋವು.

ಕೊಡಗಿನ ನಾಲ್ಕುನಾಡಿನ ಈ ಬೆಟ್ಟದ ಊರಿನಲ್ಲಿ ಕಡಲಿನ ಮಾತೇಕೆ? ನಮ್ಮ ನೆಲದ ಮಳೆ ಹರಿದು ಸೇರುವುದು ಎರಡು ಕಡಲುಗಳಿಗೆ. ಈ ಊರಿನ ಪಕ್ಕದಲ್ಲೇ ಹರಿಯುವ ಕಾವೇರಿ ಪೂಂಪುಹಾರದ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತಾಳೆ. ಪುಷ್ಪಗಿರಿಯ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿಗೆ ಹೋಗುತ್ತದೆ. ಪಯಸ್ವಿನಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಸಮುದ್ರ ಸೇರಿದರೆ, ಬ್ರಹ್ಮಗಿರಿಯ ಬರಪೊಳೆ ವಳಪಟ್ಟಣಂ ಹೊಳೆಯ ಮೂಲಕ ಕಣ್ಣೂರಿನ ಕಡೆಗೆ ಸಾಗುತ್ತದೆ. ಅತ್ತ ಕಡೆಯಿಂದ ನಮಗೆ ಬರುವುದು ಮೀನಿನ ಲಾರಿ. ಮತ್ತಿ, ಬಂಗುಡೆ ಇಲ್ಲದ ವಾರ ನಾಪೋಕ್ಲು ಪೇಟೆಯಲ್ಲಿ ಯಾವುದಿದೆ? ಕಡಲಿನ ಮೀನು ಉಣ್ಣುವವರೂ ನಾವೇ, ಕಡಲಿಗೆ ನೀರು ಕಳಿಸುವವರೂ ನಾವೇ. ಆದ್ದರಿಂದ ಈ ವಿಷಯ ಮಾತನಾಡಲು ನಮಗೆ ಅಧಿಕಾರವೂ ಇದೆ, ಹೊಣೆಯೂ ಇದೆ.

2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ದೇಶಗಳು 2030ರೊಳಗೆ ಭೂಮಿಯ ಶೇ 30 ಮತ್ತು ಸಾಗರದ ಶೇ 30 ಭಾಗವನ್ನು ರಕ್ಷಣೆಗೆ ಒಳಪಡಿಸಬೇಕೆಂದು ಒಪ್ಪಿದವು. 2024ರ ವೇಳೆಗೆ ಸಾಗರದಲ್ಲಿ ಗೆರೆ ಬಿದ್ದಿದ್ದುದು ಹೆಚ್ಚುಕಡಿಮೆ ಶೇ 8ರಷ್ಟು ಭಾಗಕ್ಕೆ. ಬಿಗಿಯಾದ ರಕ್ಷಣೆ ಇದ್ದದ್ದು ಶೇ 3ರ ಆಸುಪಾಸಿನಲ್ಲಿ. ಈ ಎರಡು ಅಂಕಿಗಳ ನಡುವಿನ ಅಂತರವೇ ಇಂದಿನ ನನ್ನ ಮಾತಿನ ತಿರುಳು.

ಮೊದಲು ಲಾಭದ ಮಾತು. ಮೀನಿನ ಸಂತಾನದಲ್ಲಿ ಒಂದು ಲೆಕ್ಕವಿದೆ. ತಾಯಿಮೀನು ದೊಡ್ಡದಾದಷ್ಟೂ ಅದರ ಮೊಟ್ಟೆಗಳ ಸಂಖ್ಯೆ ಅದರ ತೂಕಕ್ಕಿಂತ ವೇಗವಾಗಿ ಏರುತ್ತದೆ. ಅಟ್ಲಾಂಟಿಕ್ ಸಾಗರದ ಕಾಡ್ ಮೀನಿನ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತಲಾ 2 ಕಿಲೋ ತೂಗುವ 28 ಹೆಣ್ಣುಮೀನುಗಳು ಒಟ್ಟಾಗಿ ಇಡುವುದಕ್ಕಿಂತ ಹೆಚ್ಚು ಮೊಟ್ಟೆಯನ್ನು 30 ಕಿಲೋದ ಒಂದೇ ಹೆಣ್ಣುಮೀನು ಇಡುತ್ತದೆ ಎಂದು ಅದು ತೋರಿಸಿತು. ಬಲೆ ಮೊದಲು ಎತ್ತುವುದು ಇಂಥ ದೊಡ್ಡ ತಾಯಂದಿರನ್ನೇ. ಅವು ನೆಮ್ಮದಿಯಾಗಿ ಮುದಿಯಾಗಲು ಒಂದಿಷ್ಟು ನೀರನ್ನು ಬಿಟ್ಟುಕೊಟ್ಟರೆ ಅಲ್ಲಿ ಹುಟ್ಟಿದ ಮರಿಗಳು ಗೆರೆಯಾಚೆಗೂ ತೇಲಿ ಹೋಗುತ್ತವೆ. ಹೊರಗಿನ ಬಲೆಗಾರನಿಗೂ ಅದರ ಪಾಲು ಸಿಗುತ್ತದೆ.

ಮೆಕ್ಸಿಕೋದ ಕಾಬೊ ಪುಲ್ಮೊ ಎಂಬ ಪುಟ್ಟ ಮೀನುಗಾರರ ಊರನ್ನು ಕುರಿತು ನನ್ನ ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳಿದ್ದೇನೆ. ಬಂಡೆಸಾಲಿನಲ್ಲಿ ಮೀನು ಬರಿದಾದಾಗ ಅಲ್ಲಿನ ಕುಟುಂಬಗಳೇ ಮುಂದೆ ಬಂದು ರಕ್ಷಣೆ ಕೇಳಿದವು. 1995ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕಾನೂನು ಬಲೆ ನಿಷೇಧಿಸಿದ್ದು ಅದರ ಮೂರನೆಯ ಒಂದು ಭಾಗದಲ್ಲಿ ಮಾತ್ರ. ಊರವರು ಇಡೀ ಉದ್ಯಾನದಲ್ಲೇ ಬಲೆ ನಿಲ್ಲಿಸಿದರು, ಕಾವಲಿಗೂ ತಾವೇ ನಿಂತರು. 1999ರಿಂದ 2009ರವರೆಗಿನ ಹತ್ತು ವರ್ಷಗಳಲ್ಲಿ ಅಲ್ಲಿನ ಮೀನಿನ ಒಟ್ಟು ತೂಕ ಶೇ 463ರಷ್ಟು ಏರಿತು. ಬಲೆ ಬಿಟ್ಟವರಲ್ಲಿ ಹಲವರು ಈಗ ಪ್ರವಾಸಿಗರನ್ನು ನೀರಿಗಿಳಿಸಿ ಮೀನು ತೋರಿಸಿ ಬದುಕುತ್ತಿದ್ದಾರೆ. ಸರ್ಕಾರ ಕೇಳಿದ್ದಕ್ಕಿಂತ ಹೆಚ್ಚನ್ನು ಊರು ತಾನಾಗಿ ಕೊಟ್ಟಿತು. ಇಡೀ ಫಲ ಅಲ್ಲಿಂದ ಬಂದದ್ದು.

ನಮ್ಮ ಕರಾವಳಿಗೆ ಬರೋಣ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರ್ನಾಟಕದ ಯಾಂತ್ರಿಕ ದೋಣಿಗಳು ಬಂದರಿನಲ್ಲಿ ನಿಲ್ಲುತ್ತವೆ. ಹಲವು ಮೀನುಗಳು ಮೊಟ್ಟೆಯಿಡುವ ಕಾಲ ಅದು. ನಾಡದೋಣಿಗಳಿಗೆ ವಿನಾಯಿತಿ ಇದೆ. ಜಾಗಕ್ಕೆ ಹಾಕುವ ಗೆರೆಯಲ್ಲ ಇದು, ಕಾಲಕ್ಕೆ ಹಾಕುವ ಗೆರೆ. ಕೊಡಗಿನವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ: ಊರಹಬ್ಬಕ್ಕೆ ಮುನ್ನ ದೇವಕಟ್ಟು ಬಿದ್ದರೆ ನಾವು ಪ್ರಾಣಿ ಕೊಲ್ಲುವುದಿಲ್ಲ, ಹಸಿ ಮರ ಕಡಿಯುವುದಿಲ್ಲ. ಪೊಲೀಸರು ಬಂದು ನೋಡುವುದಿಲ್ಲ, ಆದರೂ ಕಟ್ಟು ಮುರಿಯುವ ಧೈರ್ಯ ಯಾರಿಗೂ ಬರುವುದಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧವೂ ಬಹುಮಟ್ಟಿಗೆ ಹಾಗೆ ಉಳಿದುಕೊಂಡು ಬಂದಿದೆ. ಅಬ್ಬರದ ಕಡಲಿಗೆ ಇಳಿಯಬಾರದೆಂಬುದು ಕರಾವಳಿಯ ಜನಕ್ಕೆ ಸರ್ಕಾರದ ಆದೇಶಕ್ಕಿಂತ ಮೊದಲೇ ಗೊತ್ತಿತ್ತು.

ಇದೇ ಕರಾವಳಿಯಲ್ಲಿ ರಂಪಣಿ ಎಂಬ ದೊಡ್ಡ ಬಲೆ ಇತ್ತು. ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು, ಬಂದದ್ದನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಬಂಗುಡೆ, ಬೂತಾಯಿ ದಡಕ್ಕೆ ಬಂದರಷ್ಟೇ ಬಲೆಗೆ ಬೀಳುತ್ತಿದ್ದವು. 1970ರ ದಶಕದ ನಡುವೆ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದವು, ಮೀನಿನ ಹಿಂಡನ್ನು ದಡ ಮುಟ್ಟುವ ಮೊದಲೇ ಬಾಚಿದವು. ದಶಕ ಮುಗಿಯುವಷ್ಟರಲ್ಲಿ ರಂಪಣಿ ಬಹುಪಾಲು ಮೂಲೆ ಸೇರಿತು. ಆಮೇಲೆ ಜೋಡಿ ದೋಣಿಗಳ ಬುಲ್ ಟ್ರಾಲಿಂಗ್, ರಾತ್ರಿ ಬೆಳಕು ಬೀರಿ ಹಿಡಿಯುವ ಲೈಟ್ ಫಿಶಿಂಗ್. ಬೆಳಕಿನ ಮೀನುಗಾರಿಕೆಯನ್ನು 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಅದು ನಿಂತಿಲ್ಲವೆಂದು ನಾಡದೋಣಿಯವರು ಇಂದಿಗೂ ಪ್ರತಿಭಟಿಸುತ್ತಿದ್ದಾರೆ. ಮತ್ಸ್ಯಕ್ಷಾಮ ಎಂಬ ಮಾತು ಕರಾವಳಿಯ ಪತ್ರಿಕೆಗಳಲ್ಲಿ ವರ್ಷವರ್ಷವೂ ಕಾಣಿಸುತ್ತದೆ. ಇಂಥ ಸ್ಥಿತಿಯಲ್ಲಿ ಕಡಲಿನ ಕೆಲವು ಭಾಗಗಳನ್ನಾದರೂ ಪೂರ್ತಿ ಮುಟ್ಟದೆ ಬಿಡಬೇಕು ಎಂಬ ವಾದವನ್ನು ನಾನು ಒಪ್ಪುತ್ತೇನೆ, ಅನುಮಾನವಿಲ್ಲದೆ ಒಪ್ಪುತ್ತೇನೆ.

ಆದರೆ ಗೆರೆ ಎಳೆಯುವ ಕೈ ಯಾರದು? ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನಲ್ಲಿ ಅಪ್ಸರಕೊಂಡ–ಮುಗಳಿ ಎಂಬ ಸಾಗರ ವನ್ಯಜೀವಿ ಧಾಮ ರೂಪುಗೊಂಡಿದೆ. ಸುಮಾರು 59 ಚದರ ಕಿಲೋಮೀಟರ್, ರಾಜ್ಯದಲ್ಲಿ ಈ ಬಗೆಯ ಮೊದಲನೆಯದು. ಆ ತೀರಕ್ಕೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅದೇ ತಾಲ್ಲೂಕಿನ ಕಾಸರಕೋಡು ಟೊಂಕದಲ್ಲಿ ವಾಣಿಜ್ಯ ಬಂದರಿನ ಯೋಜನೆಯೂ ಇದೆ. ಅದನ್ನು ವಿರೋಧಿಸಿ ಮೀನುಗಾರ ಹೆಂಗಸರು, ಗಂಡಸರು ವರ್ಷಗಟ್ಟಲೆ ಬೀದಿಗಿಳಿದಿದ್ದಾರೆ. ಒಂದೇ ಸರ್ಕಾರ ಒಂದೇ ಮರಳಿನ ದಂಡೆಯಲ್ಲಿ ಒಂದು ಕಡೆ ಆಮೆಗೆ ಧಾಮವನ್ನೂ ಇನ್ನೊಂದು ಕಡೆ ಹಡಗಿಗೆ ಬಂದರನ್ನೂ ಕೊಡಹೊರಟರೆ, ದೋಣಿ ಎಳೆದು ಬದುಕುವವನು ಯಾವುದನ್ನು ನಂಬಬೇಕು? ಧಾಮವೆಂದರೆ ತನ್ನನ್ನು ಓಡಿಸುವ ಇನ್ನೊಂದು ದಾರಿ ಎಂದು ಅವನಿಗೆ ಅನಿಸಿದರೆ ಆ ತಪ್ಪು ಅವನದಲ್ಲ.

ಈ ಭಯಕ್ಕೆ ದೊಡ್ಡ ದೃಷ್ಟಾಂತವೇ ಇದೆ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಮೂಲನಿವಾಸಿಗಳನ್ನು 1968ರಿಂದ 1973ರ ನಡುವೆ ಬ್ರಿಟನ್ ಹೊರಹಾಕಿತು. ಅಲ್ಲಿನ ಡಿಯಾಗೊ ಗಾರ್ಸಿಯಾ ದ್ವೀಪದಲ್ಲಿ ಅಮೆರಿಕದ ಸೇನಾ ನೆಲೆ ಎದ್ದಿತು. 2010ರಲ್ಲಿ ಅದೇ ಬ್ರಿಟನ್ ಆ ದ್ವೀಪಗಳ ಸುತ್ತಲಿನ ಕಡಲನ್ನು ಮೀನು ಹಿಡಿಯಬಾರದ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ತಿರುಗಿ ಹೋಗಬೇಕೆಂದು ಕೇಳುತ್ತಿದ್ದ ಜನರಿಗೆ ಮೀನೇ ಹಿಡಿಯುವಂತಿಲ್ಲವೆಂದ ಮೇಲೆ ಅಲ್ಲಿ ಹೇಗೆ ಬಾಳುವುದು? 2015ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿ ಮಂಡಳಿ ಆ ಘೋಷಣೆ ಸಮುದ್ರ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಹವಳ ಉಳಿಯಿತು, ನಿಜ. ಹವಳವನ್ನು ಮುಂದಿಟ್ಟುಕೊಂಡು ಜನರನ್ನು ದೂರವಿಟ್ಟರೆ ಅದನ್ನು ಸಂರಕ್ಷಣೆ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಎರಡನೆಯ ದೋಷ ಕಾಗದದ ಧಾಮಗಳು. ಲೋಕದ 87 ಸಾಗರ ಸಂರಕ್ಷಿತ ಪ್ರದೇಶಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಹೊರಬಂತು. ಅವುಗಳಲ್ಲಿ ಶೇ 59ರಷ್ಟರಲ್ಲಿ ಒಳಗಿನ ಕಡಲಿಗೂ ಹೊರಗಿನ ಕಡಲಿಗೂ ವ್ಯತ್ಯಾಸವೇ ಕಾಣಲಿಲ್ಲ. ಫಲ ಚೆನ್ನಾಗಿ ಕಾಣಬೇಕಾದರೆ ಬಲೆ ಪೂರ್ತಿ ನಿಂತಿರಬೇಕು, ಕಾವಲು ಬಿಗಿಯಿರಬೇಕು, ಹತ್ತು ವರ್ಷ ಕಳೆದಿರಬೇಕು, ವಿಸ್ತಾರ 100 ಚದರ ಕಿಲೋಮೀಟರಿಗಿಂತ ಹೆಚ್ಚಿರಬೇಕು, ಆಳದ ನೀರು ಅಥವಾ ಮರಳಿನಿಂದ ಬೇರ್ಪಟ್ಟಿರಬೇಕು. ಈ ಐದೂ ಇದ್ದದ್ದು ನಾಲ್ಕೇ ಕಡೆ. ಮೂರನೆಯದು, ಬಲೆ ಇಲ್ಲಿ ನಿಂತರೆ ಪಕ್ಕಕ್ಕೆ ಸರಿಯುತ್ತದೆ, ಅಲ್ಲಿನ ಮೀನಿನ ಮೇಲೆ ಒತ್ತಡ ಹೆಚ್ಚುತ್ತದೆ. ನಾಲ್ಕನೆಯದಾದ ಕಡಲಿನ ಬಿಸಿಯನ್ನು ಯಾವ ಗೆರೆಯೂ ತಡೆಯಲಾರದು. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ 1975ರಿಂದ ರಕ್ಷಿತ. ಆದರೂ ನೀರು ಬಿಸಿಯಾಗಿ 2016, 2017, 2020, 2022, 2024ರಲ್ಲಿ ಅಲ್ಲಿನ ಹವಳ ಬಿಳಿಚಿಕೊಂಡಿತು.

ಈಗ ನಮ್ಮ ಮನೆಯಂಗಳದ ಮಾತು. ಇದನ್ನು ನಿಮ್ಮ ಎದುರಿನಲ್ಲಿ ಹೇಳುವುದು ಸುಲಭವಲ್ಲ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಧಾಮಗಳು, ನಮ್ಮ ಪಕ್ಕದ ಪದಿನಾಲ್ಕುನಾಡು ಮೀಸಲು ಅರಣ್ಯ ಅದರಲ್ಲಿವೆ. ಕೊಡಗು ಅದನ್ನು ಸಂಭ್ರಮಿಸಲಿಲ್ಲ, ಹೆದರಿತು. ಜಮ್ಮಾ ಎಂಬ ನಮ್ಮ ವಂಶಪಾರಂಪರ್ಯದ ಜಮೀನು ಏನಾಗುತ್ತದೆ, ತೋಟಕ್ಕೆ ಹೋಗಲು ಅಪ್ಪಣೆ ಬೇಕೇ ಎಂದು ಕೇಳಿದೆವು. ಉತ್ತರ ಕೊಡುವವರು ಊರಿಗೆ ಬರಲಿಲ್ಲ. ನಾಗರಹೊಳೆಯ ಜೇನುಕುರುಬರು, ಯರವರು ಕಾಡಿನಿಂದ ಹೊರಬಂದು ದಶಕಗಳಾದವು. ಅವರ ಹಕ್ಕಿನ ಪ್ರಶ್ನೆ 2006ರ ಅರಣ್ಯ ಹಕ್ಕು ಕಾಯ್ದೆಯ ಅನಂತರವೂ ತೀರಿಲ್ಲ. ನಮ್ಮ ತೋಟದ ಬಗ್ಗೆ ನಮಗಿದ್ದ ಭಯವೇ ಟೊಂಕದ ಮೀನುಗಾರನಿಗೆ ತನ್ನ ಕಡಲಿನ ಬಗ್ಗೆ ಇದೆ. ಅವನನ್ನು ಅರ್ಥ ಮಾಡಿಕೊಳ್ಳಲು ಕೊಡಗಿನವರಿಗಿಂತ ಹತ್ತಿರದವರು ಯಾರಿದ್ದಾರೆ?

ಹಾಗೆಂದು ಜನರ ಕೈಗೆ ಬಿಟ್ಟರೆ ಎಲ್ಲವೂ ಉಳಿಯುತ್ತದೆ ಎಂದು ಹೇಳಲಾರೆ. ನಮ್ಮ ದೇವರಕಾಡುಗಳು 1,214 ಇವೆ, ಲೋಕವೇ ಅವುಗಳನ್ನು ಹೊಗಳುತ್ತದೆ. 1905ರಲ್ಲಿ ಅವುಗಳ ವಿಸ್ತಾರ 15,506 ಎಕರೆ. 1985ರ ವೇಳೆಗೆ 6,299 ಎಕರೆಗೆ ಇಳಿಯಿತು. ತೋಟ ಹಿಗ್ಗಿದ್ದು ಎಲ್ಲಿಗೆ ಎಂದು ಈ ಸಭೆಯಲ್ಲಿರುವ ಎಲ್ಲರಿಗೂ ಗೊತ್ತು. ಕಡಲಿನವರಿಗೆ ಉಪದೇಶ ಮಾಡುವ ಮುನ್ನ ಈ ಲೆಕ್ಕವನ್ನು ನಾವು ಒಪ್ಪಿಕೊಳ್ಳಬೇಕು.

ನದಿಯಲ್ಲಿ ಏನಾಯಿತು ನೋಡಿ. ಕಾವೇರಿ ಕೊಳ್ಳಕ್ಕಷ್ಟೇ ಸೇರಿದ ಗೂನುಬೆನ್ನಿನ ಮಹಶೀರ್ ಜಗತ್ತಿನ ಅತಿ ದೊಡ್ಡ ಹೊಳೆಮೀನುಗಳಲ್ಲಿ ಒಂದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳಕ್ಕೆ ಹಿಡಿದದ್ದು 120 ಪೌಂಡ್ ತೂಗಿತು. ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿದೆ ಎಂದೂ ದಾಖಲಾಯಿತು. 1987ರಲ್ಲಿ ಸ್ಥಾಪನೆಯಾದ ಕಾವೇರಿ ವನ್ಯಜೀವಿ ಧಾಮದ ಒಳಗೇ ಅದು ಕುಸಿಯಿತು. ಡೈನಮೈಟ್, ಅಣೆಕಟ್ಟು, ಮರಳು ಗಣಿಗಾರಿಕೆಗಳ ಜೊತೆಗೆ, ಒಳ್ಳೆಯ ಉದ್ದೇಶದಿಂದ ಬೇರೆ ಜಾತಿಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಟ್ಟದ್ದೂ ಕಾರಣವೆಂದು ಸಂಶೋಧಕರು ಹೇಳುತ್ತಾರೆ. ಅವರಿಗೆ ಆಧಾರವಾಗಿ ಸಿಕ್ಕಿದ್ದು ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಶಿಬಿರಗಳಲ್ಲಿ ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದ ಗಾಳಗಾರರ ದಾಖಲೆ. ಧಾಮದೊಳಗೆ ಗಾಳ ನಿಂತ ಮೇಲೆ ಅವರ ಹಣದಿಂದ ನಡೆಯುತ್ತಿದ್ದ ಕಾವಲೂ ನಿಂತಿತು. ನಿಯಮ ಬಿಗಿಯಾಯಿತು, ಮೀನು ಒಂಟಿಯಾಯಿತು.

ಇನ್ನೊಂದು ಹೊಳೆಯ ಕತೆ ಬೇರೆ. ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನನ್ನು ಜನ ದೇವರ ಮೀನೆಂದು ಕಾಪಾಡಿಕೊಂಡು ಬಂದಿದ್ದಾರೆ. 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದರು. ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು, ಹೊಳೆಯನ್ನು ಮತ್ತೆ ಕಾದರು. ಇಂದು ಅಲ್ಲಿ ಮತ್ತೆ ಮೀನುಗಳ ಹಿಂಡಿದೆ.

ಸರ್ಕಾರದವರಿಗೆ ನನ್ನ ಬಿನ್ನಹ ಇಷ್ಟು. ಹೊನ್ನಾವರದಲ್ಲಾಗಲಿ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳದ ಸುತ್ತಲಾಗಲಿ ಬಲೆಗೆ ಮಿತಿ ಹಾಕುವ ಮುನ್ನ ದೋಣಿಯವರನ್ನು ಕೂರಿಸಿ ನಕ್ಷೆ ಬರೆಯಿರಿ. ಬಲೆ ಬಿಟ್ಟ ದಿನಗಳಿಗೆ ಪರಿಹಾರ ಕೊಡಿ, ಕಾವಲಿನ ಕೆಲಸವನ್ನೂ ಅವರಿಗೇ ಕೊಡಿ. ಗೆರೆಯ ಒಳಗೆ ಯಂತ್ರದೋಣಿಯೂ ಬಾರದಿರಲಿ, ಬಂದರಿನ ಯೋಜನೆಯೂ ಬಾರದಿರಲಿ.

ನಮ್ಮವರಿಗೆ ಇನ್ನೂ ನೇರವಾದ ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಭಾಗಮಂಡಲದಿಂದ ಬೇತ್ರಿಯವರೆಗೆ ಕಾವೇರಿಯ ದಂಡೆಯ ಪಂಚಾಯತಿಗಳು ತಂತಮ್ಮ ಗಡಿಯಲ್ಲಿ ಬೇಸಿಗೆಯಲ್ಲೂ ಬತ್ತದ ಒಂದೊಂದು ಮಡುವನ್ನು ಗುರುತಿಸಲಿ. ಅಲ್ಲಿ ಬಲೆ, ತೋಟೆ, ವಿಷ ಯಾವುದೂ ಬೇಡವೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಲಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಕೊಳೆನೀರನ್ನು ತೋಡಿಗೆ ಬಿಡುವ ತೋಟದ ಮಾಲೀಕರು ಈ ಸಭೆಯಲ್ಲೂ ಇರಬಹುದು. ಅವರಿಗೆ ಕೈಮುಗಿದು ಕೇಳುತ್ತೇನೆ: ಆ ನೀರು ಇಂಗುಗುಂಡಿಗೆ ಹೋಗಲಿ, ಹೊಳೆಗೆ ಬೇಡ. ಈ ಎರಡನ್ನು ಇಂದಿನ ಸಮಾರೋಪದಲ್ಲಿ ನಿರ್ಣಯವಾಗಿ ಮಂಡಿಸಬೇಕೆಂದು ಅಧ್ಯಕ್ಷನಾಗಿ ಸೂಚಿಸುತ್ತಿದ್ದೇನೆ. ದಯವಿಟ್ಟು ಎಲ್ಲರೂ ಅನುಮೋದಿಸಿ.