ಬೈಗುಳಕ್ಕೂ ಒಂದು ಪುಟ ಬೇಕೇ?



ಮುಖರ್ಜಿ ನಗರದ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಐಎಎಸ್ ಪರೀಕ್ಷೆಗೆ ಓದುವ ಚನ್ನಗಿರಿ ಕಡೆಯ ಹುಡುಗಿ ಇದ್ದಾಳೆ. ಕನ್ನಡ ಸಾಹಿತ್ಯ ಅವಳ ಐಚ್ಛಿಕ ವಿಷಯ. ಒಂದು ಸಂಜೆ ಪುಸ್ತಕ ಹಿಡಿದು ಬಂದು, “ಆಂಟಿ, ಈ ಹೆಸರು ಗಟ್ಟಿಯಾಗಿ ಓದೋಕೆ ನಾಚಿಕೆ ಆಗುತ್ತೆ” ಅಂದಳು. ಹೆಸರು ಸೂಳೆ ಸಂಕವ್ವ. 12ನೇ ಶತಮಾನದ ವಚನಕಾರ್ತಿ. ಆಕೆಯ ಅಂಕಿತ ‘ನಿರ್ಲಜ್ಜೇಶ್ವರ’. ಆಕೆಗಿಲ್ಲದ ನಾಚಿಕೆ ನಮಗೆ! “ನಿಮ್ಮೂರ ಕಡೆಯ ಸೂಳೆಕೆರೆಯನ್ನೂ ಶಾಂತಿಸಾಗರ ಅಂತಾರಲ್ಲಮ್ಮ” ಅಂದೆ. ನಕ್ಕಳು.

ಆಮೇಲೆ ನನಗೊಂದು ಪ್ರಶ್ನೆ ಹುಟ್ಟಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಅಂಥ ವಿಶ್ವಕೋಶದಲ್ಲಿ ಕೆಟ್ಟ ಪದಗಳ ಬಗ್ಗೆಯೂ ಪುಟ ಇರಬೇಕೇ? “ಮಕ್ಕಳು ನೋಡೋ ಜಾಗ, ಬೇಡವೇ ಬೇಡ” ಅಂದರು ನಮ್ಮ ಅತ್ತಿಗೆ. ಮೊದಲು ನನಗೂ ಹಾಗೇ ಅನಿಸಿತು.

ಕಾರಣ ನಮ್ಮ ಅಜ್ಜಿ. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡರು, ತಲೆ ಬೋಳಿಸಿದರು. ಜಗಳ ಬಂದಾಗಲೆಲ್ಲ ಅವರಿಗೆ ಸಿಗುತ್ತಿದ್ದ ಹೆಸರು ‘ಮುಂಡೆ’. ಆ ಪದ ಕಿವಿಗೆ ಬಿದ್ದರೆ ಇಂದಿಗೂ ನನ್ನ ಹೊಟ್ಟೆ ಉರಿಯುತ್ತದೆ. ಆದರೆ ಅದರ ಮೂಲ ನೋಡಿ: ಸಂಸ್ಕೃತದ ‘ಮುಂಡ’, ಅಂದರೆ ಬೋಳಿಸಿದ ತಲೆ. ಬೋಳಿಸಿದವರಿಗೆ ಯಾವ ಹೆಸರೂ ಇಲ್ಲ, ಬೋಳಿಸಿಕೊಂಡವಳಿಗೆ ಬೈಗುಳ. ಆ ಪದವನ್ನು ಮುಚ್ಚಿಟ್ಟರೆ ಅನ್ಯಾಯದ ಸಾಕ್ಷಿಯನ್ನೇ ಮುಚ್ಚಿಟ್ಟಂತೆ. ಕಿಟೆಲ್ ಅವರು ತಮ್ಮ 1894ರ ನಿಘಂಟಿನಲ್ಲಿ ಇಂಥ ಪದಗಳನ್ನು ಬಿಟ್ಟುಬಿಡಲಿಲ್ಲ.

ಹಾಗಂತ ಬೈಗುಳಗಳ ಪಟ್ಟಿ ಬೇಡ. ಬರೀ ಅರ್ಥ ಹೇಳಲು ವಿಕ್ಷನರಿ ಇದೆ. ವಿಶ್ವಕೋಶದ ಪುಟ ಅಂದಮೇಲೆ ಪದ ಎಲ್ಲಿಂದ ಬಂತು, ಯಾರ ಮೇಲೆ ಬಳಸಿದರು, ಹೇಗೆ ಬೈಗುಳವಾಯಿತು ಎಂಬುದನ್ನು ನಂಬಬಹುದಾದ ಪುಸ್ತಕಗಳ ಆಧಾರದಿಂದ ಹೇಳಬೇಕು. ಆಧಾರ ಇಲ್ಲದಿದ್ದರೆ ಪುಟವೂ ಬೇಡ. ಬದುಕಿರುವ ಯಾರಿಗೂ ಆ ಪದವನ್ನು ಅಂಟಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬರೆಯುವವರಲ್ಲಿ ಆ ಪದದ ಪೆಟ್ಟು ತಿಂದವರೂ ಇರಬೇಕು. ಹೆಂಗಸರು ನಾವು ದೂರ ಕೂತರೆ ಬೈದವರೇ ಅರ್ಥವನ್ನೂ ಬರೆದಾರು.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಬರುವ ನಾವೆಲ್ಲ ತಿಂಗಳಿಗೊಂದು ಪುಟವನ್ನಾದರೂ ಓದಿ, ತಪ್ಪಿದ್ದರೆ ತಿದ್ದೋಣ.

ಅಜ್ಜಿ ಇದ್ದಿದ್ದರೆ ಇದಕ್ಕೆ ಒಪ್ಪುತ್ತಿದ್ದರೋ ಇಲ್ಲವೋ, ಹೇಳಲಾರೆ. ಆ ಹುಡುಗಿ ಮಾತ್ರ ಮರುದಿನ ನನ್ನೆದುರು ಕೂತು, ಸಂಕವ್ವನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಓದಿದಳು.